ಸರ್ವೆ ಮರದ ಬಾಸಿಂಗ

ತಿಗನಾರೆಯ ರಾಚಪ್ಪನಿಗೆ ಭಗವಂತ ಕೈ, ಕಾಲು, ಕಣ್ಣು, ಹೆಂಡತಿ ಎಲ್ಲವನ್ನೂ ಸರಿಯಾಗಿಯೇ ಕೊಟ್ಟಿದ್ದ. ‘ಗೊತ್ತಿಲ್ಲ’ ಎಂಬ ಮಾತೊಂದನ್ನು ಮಾತ್ರ ಕೊಡಲು ಮರೆತಿದ್ದ. ತಾಳವಾಡಿಗೆ ಬಸ್ಸು ಯಾವಾಗ ಎಂದು ದಾರಿಹೋಕರು ಕೇಳಿದರೆ, ಬಸ್ಸು ಕೆಟ್ಟು ಡಿಪೋದಲ್ಲಿ ಮಲಗಿದ ದಿನವೂ, ಈಗ ಬರುತ್ತದೆ, ಇಲ್ಲೇ ನಿಂತುಕೊಳ್ಳಿ ಎನ್ನುತ್ತಿದ್ದ. ಹಾಗೆ ನಿಂತವರು ಕೊನೆಗೆ ಅವನ ವಂಶವನ್ನೆಲ್ಲ ಬೈದುಕೊಂಡು ನಡೆದೇ ಹೋಗುತ್ತಿದ್ದರು. ಒಮ್ಮೆ ದನದ ವ್ಯಾಪಾರಿಯೊಬ್ಬ ದೂರದಲ್ಲಿ ಕಟ್ಟಿದ್ದ ದನ ತೋರಿಸಿ ಗಬ್ಬವಾಗಿದೆಯಾ ಎಂದು ಕೇಳಿದ. ಐದು ತಿಂಗಳು ಎಂದ ರಾಚಪ್ಪ. ಹತ್ತಿರ ಹೋಗಿ ನೋಡಿದರೆ ಅದು ಎತ್ತು.

ಇದೊಂದು ಬಿಟ್ಟರೆ ಮನುಷ್ಯ ಅಪ್ಪಟ ಚಿನ್ನ. ಕೈಯಲ್ಲಿ ಕಸುಬೂ ಇತ್ತು. ಮದುವೆಯಲ್ಲಿ ಹೆಣ್ಣುಗಂಡಿನ ಹಣೆಗೆ ಕಟ್ಟುವ ಬಾಸಿಂಗವನ್ನು ಅವನಂತೆ ಮಾಡುವವರು ಆ ಗಡಿನಾಡಿನ ಬೆಟ್ಟದ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಬಣ್ಣದ ಕಾಗದ, ಫಳಫಳ ಹೊಳೆಯುವ ಬೇಗಡೆ, ಒಂದಿಷ್ಟು ಬೆಂಡು, ಮೈದಾ ಹಿಟ್ಟಿನ ಅಂಟು ಇಷ್ಟು ಮುಂದಿಟ್ಟು ಕತ್ತರಿ ಕೊಟ್ಟರೆ ಸಾಕು, ಎಂಥ ಬೋಳು ಹಣೆಯನ್ನೂ ರಾಜನ ಹಣೆ ಮಾಡಿಬಿಡುತ್ತಿದ್ದ. ಆದರೆ ಕಾಲ ಕೆಟ್ಟಿತು. ಚಾಮರಾಜನಗರದ ಅಂಗಡಿಗಳಿಗೆ ಪ್ಲಾಸ್ಟಿಕ್ ಬಾಸಿಂಗ ಬಂತು. ಅದರ ಹಿಂದೆ ಬಂದದ್ದು ಸೆಲ್ಲು ಹಾಕಿದ ಬಾಸಿಂಗ. ಮದುಮಗನ ಹಣೆಯ ಮೇಲೆ ಕೆಂಪು ಹಸಿರು ದೀಪ ಮಿಣಮಿಣ ಎನ್ನುವಾಗ ಕಾಗದದ್ದು ಯಾರಿಗೆ ಬೇಕು? ಎರಡು ಸಾವಿರದ ಆರನೇ ಇಸವಿಯ ಮದುವೆ ಕಾಲ ಪೂರ್ತಿ ರಾಚಪ್ಪ ಜಗಲಿಯಲ್ಲಿ ಕೂತು ನೊಣ ಹೊಡೆದ.

ಅವನ ಹೆಂಡತಿ ಶಿವಮಲ್ಲಮ್ಮನದು ಮಾತು ಕಡಿಮೆ, ತೀರ್ಮಾನ ಜಾಸ್ತಿ. ಸಂಕ್ರಾಂತಿಯ ಹೊತ್ತಿಗೆ ಕೈಗೆ ಕಾಯಂ ಕೆಲಸ ಬರದಿದ್ದರೆ ಕತ್ತರಿಯನ್ನು ಅಟ್ಟಕ್ಕೆ ಎಸೆದು, ದಿಂಬಂನಲ್ಲಿರುವ ತನ್ನ ತಮ್ಮ ದಯಾನಂದನ ಟೀ ಅಂಗಡಿಗೆ ಹೋಗಿ ಸೇರಬೇಕು ಎಂದು ಅವಳು ತೀರ್ಪು ಕೊಟ್ಟುಬಿಟ್ಟಳು. ದಯಾನಂದ ಅದಕ್ಕಾಗಿಯೇ ಕಾದಿದ್ದ. ಬಂದಾಗಲೆಲ್ಲ ಆಸೆ ತೋರಿಸುತ್ತಿದ್ದ.

"ಗ್ಲಾಸ್ ತೊಳ್ಯೋದು ಅಂತ ಅನ್ಕಬ್ಯಾಡಿ ಭಾವ. ಗ್ಲಾಸ್ ಸೆಕ್ಷನ್ನೇ ಪೂರ್ತಿ ನಿಮ್ದು."

ರಾಚಪ್ಪನಿಗೆ ದಿಂಬಂ ಚಳಿಯ ಹೆದರಿಕೆಗಿಂತ ದಿಂಬಂ ದಾರಿಯ ಹೆದರಿಕೆ ಹೆಚ್ಚು. ಸತ್ಯಮಂಗಲಕ್ಕೆ ಇಳಿಯುವ ಬಸ್ಸೆಲ್ಲ ಘಾಟಿಯ ತಲೆಯಲ್ಲಿ ನಿಲ್ಲುತ್ತವೆ, ಸೀಮೆಯ ಜನರೆಲ್ಲ ಅಲ್ಲಿ ಇಳಿದು ಟೀ ಕುಡಿಯುತ್ತಾರೆ. ತಾನು ಯಾರ್ಯಾರ ಹಣೆಗೆ ಬಾಸಿಂಗ ಕಟ್ಟಿದ್ದನೋ ಅವರೆಲ್ಲ ಸಂಸಾರ ಸಮೇತ ಬಂದು, ಕುಡಿದು, ಎಂಜಲು ಗ್ಲಾಸನ್ನು ತನ್ನ ಕೈಗೆ ಕೊಡುವುದನ್ನು ನೆನೆದರೆ ಅವನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಅದೂ ಹೆಂಡತಿಯ ತಮ್ಮನ ಅನ್ನ. ಬೇರೆ ಹೇಳಬೇಕೆ?

ಹೀಗಿರುವಾಗ ಡಿಸೆಂಬರ್ ತಿಂಗಳ ಮೊದಲಲ್ಲಿ, ತಾಳವಾಡಿ ದಾರಿಯಲ್ಲಿದ್ದ ಕಾನ್ವೆಂಟಿನಿಂದ ಸಿಸ್ಟರ್ ಅರುಳ್ ಮೇರಿ ಎಂಬುವರು ರಾಚಪ್ಪನ ಮನೆ ಹುಡುಕಿಕೊಂಡು ಬಂದರು. ಆಯಮ್ಮ ಘಾಟಿಯ ಕೆಳಗಿನ ಕಡೆಯವರು, ಕನ್ನಡಕ್ಕೆ ತಮಿಳಿನ ಒಗ್ಗರಣೆ ಹಾಕಿ ಮಾತಾಡುತ್ತಿದ್ದರು. ಬಂದ ವಿಷಯ ಇಷ್ಟು: ಕ್ರಿಸ್‌ಮಸ್ ಹಬ್ಬಕ್ಕೆ ಕಾನ್ವೆಂಟಿನ ಹಾಲಿನಲ್ಲಿ ಒಂದು ಮರ ನಿಲ್ಲಿಸುತ್ತಾರೆ. ಸವುಕ್ಕು ಮರ, ಅಂದರೆ ನಮ್ಮ ಸರ್ವೆ ಮರ. ಅದಕ್ಕೆ ಬುಡದಿಂದ ತುದಿಯವರೆಗೆ ಅಲಂಕಾರವಾಗಬೇಕು. ಕೊಯಮತ್ತೂರಿನಿಂದ ಅವರ ದೊಡ್ಡ ಮದರ್ ಬರುತ್ತಾರೆ, ಅವರಿಗೆ ಅಂಗಡಿಯ ಪ್ಲಾಸ್ಟಿಕ್ ಕಂಡರಾಗದು. ಎಲ್ಲ ಕೈಯಲ್ಲೇ ಮಾಡಿದ್ದಾಗಬೇಕು, ಕಾಗದದ್ದೇ ಆಗಬೇಕು. ಮದರ್‌ಗೆ ಹಿಡಿಸಿದರೆ ವರ್ಷ ವರ್ಷವೂ ಈ ಕೆಲಸ ರಾಚಪ್ಪನದೇ.

ಪ್ಲಾಸ್ಟಿಕ್ ಆಗದು ಎಂಬ ಮಾತು ಕೇಳಿದ್ದೇ ರಾಚಪ್ಪನಿಗೆ ಆಯಮ್ಮನ ಕಾಲಿಗೆ ಬೀಳಬೇಕೆನಿಸಿತು.

"ಮರಕ್ಕೆ ಮುಂಚೆ ಮಾಡಿದೀರಾ?" ಎಂದು ಸಿಸ್ಟರ್ ಕೇಳಿದರು. ಕೇಳುತ್ತಲೇ ಕೈಚೀಲದಿಂದ ಒಂದು ಬಣ್ಣದ ಚಿತ್ರವನ್ನು ಅರ್ಧ ಹೊರಗೆ ಎಳೆದಿದ್ದರು.

"ಮರಕ್ಕಾ? ಮಾಡಿವ್ನಿ ಸಿಸ್ಟರೇ. ನಂಗೊತ್ತಿಲ್ದೇ ಇರೋ ಮರನಾ?"

ಸಿಸ್ಟರ್‌ಗೆ ಬಹಳ ಸಂತೋಷವಾಯಿತು. ಹಾಗಾದರೆ ಹೇಳಿಕೊಡುವ ಕೆಲಸ ತಪ್ಪಿತು, ಮಾಮೂಲಿ ಸಾಮಾನೆಲ್ಲ ಇರಲಿ, ತುದಿಗೆ ಮಾತ್ರ ದೊಡ್ಡದೊಂದು, ಚೆನ್ನಾಗಿ ಹೊಳೆಯುವಂಥದ್ದು ಬೇಕು ಎಂದು ಹೇಳಿ ಚಿತ್ರವನ್ನು ವಾಪಸ್ ಚೀಲಕ್ಕೆ ತುರುಕಿಕೊಂಡರು. ಲೋಕದಲ್ಲಿ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೀಗೆ ಚೀಲಕ್ಕೆ ವಾಪಸ್ ಹೋದ ಚಿತ್ರಗಳಿಂದಲೇ ಆಗಿರಬೇಕು.

ಮರಕ್ಕೆ ಮಾಡಿದ್ದೇನೆ ಎಂದು ರಾಚಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆಲವು ವರ್ಷದ ಕೆಳಗೆ ಊರ ಕಟ್ಟೆಯ ಮೇಲಿನ ಅಶ್ವತ್ಥಕ್ಕೂ ಬೇವಿಗೂ ಮದುವೆ ಮಾಡಿದಾಗ ಎರಡಕ್ಕೂ ಬಾಸಿಂಗ ಕಟ್ಟಿದವನು ಅವನೇ. ಈಗ ಅವನು ಜಗಲಿಯಲ್ಲಿ ಕೂತು ಲೆಕ್ಕ ಹಾಕಿದ. ಒಂದು ಮರ. ಅದಕ್ಕೆ ಅಲಂಕಾರ. ತುದಿಗೆ ಹೊಳೆಯುವಂಥದ್ದು. ಹೊಸ ಬಟ್ಟೆ, ಹಾಡು, ಊಟ, ದೂರದ ಊರಿಂದ ಹಿರಿಯರು. ಮದುವೆಯಲ್ಲದೆ ಇನ್ನೇನು? ಮನುಷ್ಯರು ಮರವನ್ನು ಸಿಂಗರಿಸುವುದು ಮದುವೆ ಮಾಡಲಿಕ್ಕಲ್ಲದೆ ಮತ್ತೆ ಯಾತಕ್ಕೆ? ತಿಗನಾರೆಯಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಕೇಳಿದ್ದೂ ಆಯಿತು, ಅವರು ಹೇಳಿದ್ದೂ ಆಯಿತು.

ಮೊದಲು ಕೇಳಿದವಳು ಶಿವಮಲ್ಲಮ್ಮ. ಸರ್ವೆ ಮರ ಹೆಣ್ಣಾ ಗಂಡಾ ಎಂದಳು. ಹೆಣ್ಣು ಎಂದ ರಾಚಪ್ಪ, ಒಂದು ಕ್ಷಣವೂ ಯೋಚಿಸದೆ. ಹಾಗಾದರೆ ಗಂಡು ಯಾವುದು ಎಂದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನ ತಲೆ ಮೇಲೆದ್ದಿತು. ಆ ಮುದುಕಿಯ ಕಿವಿಗೆ ಒಂದು ಸುದ್ದಿ ಬಿದ್ದರೆ ಅಂಚೆ ಇಲಾಖೆಗೆ ರಜಾ ಕೊಡಬಹುದು. ಮಧ್ಯಾಹ್ನದ ಹೊತ್ತಿಗೆ ಕಾನ್ವೆಂಟಿನವರು ತಮ್ಮ ಮರಕ್ಕೆ ಮದುವೆ ಮಾಡುತ್ತಾರೆ ಎಂಬುದು ಊರಿಗೆಲ್ಲ ಗೊತ್ತಾಯಿತು. ಸಂಜೆಯ ಹೊತ್ತಿಗೆ ಗಂಡು ಸಿಕ್ಕದೆ ಪಾಪ ಆ ಸಿಸ್ಟರುಗಳು ಕಣ್ಣೀರು ಹಾಕುತ್ತಿದ್ದಾರೆ ಎಂಬುದೂ ಗೊತ್ತಾಯಿತು.

ಊರಿನ ದೊಡ್ಡ ಹಿಡುವಳಿದಾರ ನಂಜಪ್ಪನವರು ಈ ಸುದ್ದಿ ಕೇಳಿ ಸುಮ್ಮನಿರುವವರಲ್ಲ. ಯಾರ ಮನೆಯ ಮದುವೆಯಾದರೂ ಯಜಮಾನಿಕೆ ಅವರದೇ, ಕರೆಯದಿದ್ದರೂ ಅವರದೇ. ಸಾಲದ್ದಕ್ಕೆ ಆ ವರ್ಷ ಆನೆಗಳು ಊರಿನ ರಾಗಿ ಹೊಲಕ್ಕೆ ನುಗ್ಗಿ ನುಗ್ಗಿ ಜನರ ನಿದ್ದೆ ಕೆಡಿಸಿದ್ದವು. ಮರಕ್ಕೆ ಮದುವೆ ಮಾಡಿದರೆ ಕಾಡು ತಣ್ಣಗಾಗುತ್ತದೆ, ಕಾಡು ತಣ್ಣಗಾದರೆ ಆನೆ ತಣ್ಣಗಾಗುತ್ತದೆ ಎಂಬುದು ನಂಜಪ್ಪನವರ ಸಿದ್ಧಾಂತ. ಅವರು ನೇರವಾಗಿ ರಾಚಪ್ಪನ ಜಗಲಿಗೆ ಬಂದು ಕೂತು, ಗಂಡಿನ ಕಡೆಯವರು ಯಾರು, ಸಿಸ್ಟರಮ್ಮ ಏನಾದರೂ ಹೇಳಿದರಾ ಎಂದು ವಿಚಾರಿಸಿದರು.

ಇಲ್ಲಿ ರಾಚಪ್ಪ ‘ಗೊತ್ತಿಲ್ಲ’ ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನೀವೂ ನಾನೂ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು.

"ಗಂಡಿನ ಕಡೆ ನೀವೇ ನಂಜಪ್ಪಣ್ಣ. ಇನ್ಯಾರವ್ರೆ?" ಎಂದುಬಿಟ್ಟ.

ನಂಜಪ್ಪನವರಿಗೆ ಎದೆ ತುಂಬಿ ಬಂತು. ಎಲ್ಲಿಂದಲೋ ಬಂದ ಹೆಣ್ಣುಮಕ್ಕಳು, ನೆಂಟರಿಲ್ಲ ಇಷ್ಟರಿಲ್ಲ, ತಮ್ಮ ಊರನ್ನು ನಂಬಿ ಹೆಣ್ಣು ಕೊಡುತ್ತಿದ್ದಾರೆ ಎಂದರೆ ಇದು ತಿಗನಾರೆಯ ಮರ್ಯಾದೆಯ ಪ್ರಶ್ನೆ ಎಂದು ಅಲ್ಲೇ ಸಾರಿದರು. ಗಂಡು ಹುಡುಕುವುದು ಮಾತ್ರ ಸುಲಭವಾಗಲಿಲ್ಲ. ಕಟ್ಟೆಯ ಅಶ್ವತ್ಥಕ್ಕೆ ಆಗಲೇ ಬೇವಿನ ಜೊತೆ ಸಂಸಾರ. ಇನ್ನೊಂದು ಅಶ್ವತ್ಥ ಇದ್ದದ್ದು ಗುಮಟಾಪುರದ ದಾರಿಯಲ್ಲಿ, ಅದು ಬೇರೆ ಊರಿನದು. ಕೊನೆಗೆ ಹಳೇ ಬಾವಿಯ ಗೋಡೆಯ ಸಂದಿಯಲ್ಲಿ ಮೊಣಕಾಲೆತ್ತರದ ಅಶ್ವತ್ಥದ ಸಸಿಯೊಂದು ಸಿಕ್ಕಿತು. ಹುಡುಗನಿಗೆ ವಯಸ್ಸು ಸಾಲದು ಎಂದು ಚಿಕ್ಕಲಕ್ಷ್ಮಮ್ಮ ತಕರಾರು ತೆಗೆದಳು. ಹೆಣ್ಣು ಎತ್ತರ, ಗಂಡು ಕುಳ್ಳ, ಜನ ಆಡಿಕೊಳ್ಳುತ್ತಾರೆ ಎಂದಳು. ತಮ್ಮ ಅಜ್ಜಿ ಅಜ್ಜನಿಗಿಂತ ಒಂದು ಮೊಳ ಎತ್ತರವಿದ್ದಳು, ಯಾವನೂ ಬಾಯಿ ಬಿಡಲಿಲ್ಲ ಎಂದು ನಂಜಪ್ಪನವರು ಆ ತಕರಾರನ್ನು ತಳ್ಳಿಹಾಕಿದರು. ಸಸಿಯನ್ನು ಬೇರುಸಮೇತ ಎಣ್ಣೆ ಡಬ್ಬಕ್ಕೆ ವರ್ಗಾಯಿಸಿ ಅರಿಶಿನದ ನೀರು ಚಿಮುಕಿಸಿದರು.

ಇತ್ತ ರಾಚಪ್ಪನಿಗೆ ಕಸುಬಿನ ದೊಡ್ಡ ಸಮಸ್ಯೆಯೊಂದು ಎದುರಾಗಿತ್ತು. ಮರದ ಹಣೆ ಯಾವುದು? ಮನುಷ್ಯರಿಗಾದರೆ ಹುಬ್ಬಿನ ಮೇಲೆ ಹಣೆ. ಮರಕ್ಕೆ ಹುಬ್ಬೇ ಇಲ್ಲ. ಅಶ್ವತ್ಥದ ಮದುವೆಯಲ್ಲಿ ಬುಡಕ್ಕೆ ಕಟ್ಟಿ ಕೈ ತೊಳೆದುಕೊಂಡಿದ್ದ, ಇಲ್ಲಿ ಬುಡದಿಂದ ತುದಿವರೆಗೆ ಎಂದಿದ್ದಾರೆ. ಅವನು ಬಹಳ ಹೊತ್ತು ಯೋಚಿಸಿ, ಒಂದೊಂದು ಕೊಂಬೆಯ ತುದಿಯೂ ಒಂದೊಂದು ಹಣೆ ಎಂದು ತೀರ್ಮಾನಿಸಿದ. ಹಾಗಾಗಿ ಅಂಗೈಯಗಲದ ಪುಟ್ಟ ಪುಟ್ಟ ಬಾಸಿಂಗಗಳು ರಾಶಿ ರಾಶಿಯಾಗಿ ಹುಟ್ಟತೊಡಗಿದವು. ಬೆಂಡನ್ನು ತೆಳ್ಳಗೆ ಸೀಳಿ ಚೌಕಟ್ಟು ಕಟ್ಟುವುದು, ಕೆಂಪು ಕಾಗದವನ್ನು ನಿರಿಗೆ ಹಿಡಿದು ಅಂಚಿಗೆ ಅಂಟಿಸುವುದು, ಬೇಗಡೆಯನ್ನು ಹೂವಿನಂತೆ ಕತ್ತರಿಸಿ ನಡುವೆ ಕೂರಿಸುವುದು, ಎರಡು ಬದಿಗೂ ದಾರ ಬಿಡುವುದು. ಜೊತೆಗೆ ಕಾಗದದ ಗಿಣಿಗಳು, ಕಾಗದದ ಮಲ್ಲಿಗೆ ದಂಡೆಗಳು. ತುದಿಗೆಂದು ಒಂದು ಮಹಾ ಬಾಸಿಂಗ, ಅದರ ನಡುವೆ ಸೂರ್ಯ, ಅಕ್ಕಪಕ್ಕ ಎರಡು ನವಿಲು. ಮನೆಯೆಲ್ಲ ಮೈದಾ ವಾಸನೆ. ಬೇಗಡೆಯ ಚೂರು ಸಾರಿನಲ್ಲೂ ತೇಲಿತು, ಶಿವಮಲ್ಲಮ್ಮ ಮಾತಾಡದೆ ತೆಗೆದು ಪಕ್ಕಕ್ಕಿಟ್ಟಳು. ಗಂಡ ಇಷ್ಟು ಖುಷಿಯಾಗಿ ಕೂತು ಕತ್ತರಿ ಆಡಿಸಿದ್ದನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಮರ, ಮದುವೆ ಎಂಬ ಎರಡು ಮಾತು ಕೂಡಿ ಫಾರೆಸ್ಟ್ ಗಾರ್ಡ್ ಚಿನ್ನಸಾಮಿಯ ಕಿವಿಗೂ ಬಿತ್ತು. ಮದುವೆಗೆ ಮರ ಕಡಿಯುತ್ತಾರೆ ಎಂದು ಅವನಿಗೆ ಅರ್ಥವಾಯಿತು. ನೇರವಾಗಿ ಬಂದು ರಾಚಪ್ಪನನ್ನು ತಮಿಳಿನಲ್ಲಿ ವಿಚಾರಣೆಗೆ ನಿಲ್ಲಿಸಿದ. ಮರ ಎಲ್ಲಿಂದ ಬರುತ್ತದೆ ಎಂದ. ಅದು ಹೆಣ್ಣಿನ ಕಡೆಯವರಿಗೆ ಬಿಟ್ಟದ್ದು ಎಂದ ರಾಚಪ್ಪ. ಯಾವ ಹೆಣ್ಣು ಎಂದ ಗಾರ್ಡು. ಮರವೇ ಹೆಣ್ಣು ಎಂದ ರಾಚಪ್ಪ. ಚಿನ್ನಸಾಮಿ, ಮರ ಕಡಿದರೆ ಕೇಸು ಬೀಳುತ್ತದೆ ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ.

"ಕಡಿಯೋದ್ಯಾಕೆ ಸಾರ್, ತಾಳಿ ಕಟ್ಸೋದು" ಎಂದ ರಾಚಪ್ಪ.

ಗಾರ್ಡು ಹತ್ತಿರ ಬಂದು ಇವನ ಬಾಯಿ ಮೂಸಿದ. ಮೈದಾ ಅಂಟಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದರಿಂದ ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಮದುವೆಯ ದಿನ ತಾನೇ ಯೂನಿಫಾರಂ ಹಾಕಿಕೊಂಡು ಖುದ್ದು ಬರುವುದಾಗಿ ಎಚ್ಚರಿಸಿ ಹೋದ. ಮದುವೆಗೆ ಸರ್ಕಾರದ ಕಡೆಯಿಂದಲೂ ಜನ ಬರುತ್ತಾರೆ ಎಂದು ಚಿಕ್ಕಲಕ್ಷ್ಮಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ತಿಗನಾರೆಯ ದಿಬ್ಬಣ ಹೊರಟಿತು. ಮುಂದೆ ಜವರನ ವಾಲಗ. ಅದರ ಹಿಂದೆ ಬಾಸಿಂಗದ ಮಂಕರಿ ತಲೆಯ ಮೇಲೆ ಹೊತ್ತ ರಾಚಪ್ಪ. ಅವನ ಹಿಂದೆ ಜರಿ ಪಂಚೆಯ ನಂಜಪ್ಪನವರು, ಎಣ್ಣೆ ಡಬ್ಬದಲ್ಲಿ ಕೂತು ಪೇಟ ಸುತ್ತಿಕೊಂಡ ಮದುಮಗ, ತಟ್ಟೆಯಲ್ಲಿ ಸೀರೆ, ಬಳೆ, ಅರಿಶಿನ, ಕುಂಕುಮ ಹಿಡಿದ ಹೆಂಗಸರು. ದಾರಿಯಲ್ಲಿ ದಯಾನಂದ ಟಿವಿಎಸ್ ಗಾಡಿಗೆ ಟೀ ಕ್ಯಾನು ಕಟ್ಟಿಕೊಂಡು ಎದುರಾದ. ಇಷ್ಟು ಜನ ಸೇರಿದರೆ ಟೀ ಖರ್ಚಾಗುತ್ತದೆ ಎಂಬ ಲೆಕ್ಕ. ಯಾರ ಮದುವೆ ಎಂದು ಭಾವನನ್ನು ಕೇಳಿದ. ಕಾನ್ವೆಂಟಿನ ಮರದ್ದು ಎಂದ ರಾಚಪ್ಪ.

ದಯಾನಂದ ನಕ್ಕ ರಭಸಕ್ಕೆ ಗಾಡಿ ವಾಲಿ ಅರ್ಧ ಟೀ ನೆಲಕ್ಕೆ ಚೆಲ್ಲಿತು. ಅವನು ಸತ್ಯಮಂಗಲ, ಕೊಯಮತ್ತೂರು ಕಂಡವನು. ಆ ಮರಕ್ಕೆ ನಕ್ಷತ್ರ, ಗಂಟೆ, ಬಣ್ಣದ ಚೆಂಡು ನೇತು ಹಾಕುತ್ತಾರೆ, ಅಷ್ಟೇ ಎಂದು ಭಾವನ ಕಿವಿಯಲ್ಲಿ ಬಿಡಿಸಿ ಹೇಳಿದ.

"ಅದು ಮದ್ವೆ ಅಲ್ಲ ಭಾವ. ಅವ್ರ ದ್ಯಾವ್ರು ಉಟ್ಟಿದಬ್ಬ."

ರಾಚಪ್ಪ ತಲೆಯ ಮೇಲಿನ ಮಂಕರಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಹಿಂದೆ ತಿರುಗಿ ನೋಡಿದ. ಇಡೀ ಊರು ಬರುತ್ತಿದೆ, ವಾಲಗ ಊದುತ್ತಿದೆ, ನಂಜಪ್ಪನವರ ಮೀಸೆ ಬೀಗರ ಗತ್ತಿನಲ್ಲಿ ಮೇಲೆದ್ದಿದೆ. ಮಂಕರಿಯಲ್ಲಿ ನಕ್ಷತ್ರ ಒಂದೂ ಇಲ್ಲ, ಗಂಟೆ ಒಂದೂ ಇಲ್ಲ, ಬರೀ ಗಿಣಿ ನವಿಲು. ದಿಂಬಂನ ಗ್ಲಾಸುಗಳು ಅವನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

"ಗೊತ್ತು ಬುಡು. ನಂಗೊತ್ತಿಲ್ವಾ?" ಎಂದು ಹೇಳಿ ಮುಂದೆ ನಡೆದ.

ಕಾನ್ವೆಂಟಿನ ಬಾಗಿಲಲ್ಲಿ ವಾಲಗದ ಸದ್ದು ಕೇಳಿ ಸಿಸ್ಟರ್ ಅರುಳ್ ಮೇರಿ ಹೊರಗೆ ಓಡಿಬಂದರು. ಜನ ನೋಡಿ ಅವರಿಗೆ ಗಾಬರಿಯಾಯಿತು. ನಂಜಪ್ಪನವರು ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡು ಮುಂದೆ ಬಂದು ಕೈ ಮುಗಿದರು.

"ಎಣ್ಣ ಕರ್ಕೊಂಬನ್ನಿ ತಾಯಿ. ಮೂರ್ತ ಮೀರ್ತದೆ."

ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತರು. ಇಲ್ಲಿ ಕೊಡಲಿಕ್ಕೆ ಹೆಣ್ಣಿಲ್ಲ, ಹಾಸ್ಟೆಲಿನಲ್ಲಿರುವುದು ಚಿಕ್ಕ ಮಕ್ಕಳು, ದೊಡ್ಡವರನ್ನೆಲ್ಲ ದೇವರಿಗೆ ಕೊಟ್ಟಾಗಿದೆ ಎಂದು ಹೇಳಿದರು. ಒಳಗಡೆ ಎಳೆಯ ಸಿಸ್ಟರುಗಳು ದಡದಡ ಓಡಿ ಬಾಗಿಲಿಗೆ ಅಗುಳಿ ಹಾಕಿಕೊಂಡದ್ದು ಹೊರಗಿನವರಿಗೂ ಕೇಳಿಸಿತು. ನಂಜಪ್ಪನವರಿಗೆ ಅವಮಾನವಾಯಿತು. ಒಪ್ಪಿಕೊಂಡು ಈಗ ಬೇರೆ ಕಡೆ ಕೊಟ್ಟಾಗಿದೆ ಎಂದರೆ ಗಂಡಿನ ಕಡೆಯವರು ದಿಬ್ಬಣ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು, ದೇವರಾದರೇನು, ಮೊದಲು ಮಾತು ಕೊಟ್ಟದ್ದು ಯಾರಿಗೆ ಎಂದು ಜೋರು ಮಾಡಿದರು. ಯೂನಿಫಾರಂ ಹಾಕಿ ಬಂದಿದ್ದ ಚಿನ್ನಸಾಮಿ, ಇದು ತನ್ನ ಇಲಾಖೆಗೆ ಬರುವ ಕೇಸೋ ಅಲ್ಲವೋ ತಿಳಿಯದೆ ಲಾಠಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದ.

ಕೊನೆಗೆ ಎಲ್ಲರ ಕಣ್ಣೂ ರಾಚಪ್ಪನ ಮೇಲೆ ಬಿತ್ತು. ಅವನು ಮಂಕರಿ ಇಳಿಸಿದ. ಹುಟ್ಟಿದಾಗಿನಿಂದ ಆಡದ ಮಾತನ್ನು ಅವತ್ತು ಆಡಿದ.

"ನಂದೇ ತೆಪ್ಪು. ಯಾವ್ಮರ ಏನ್ ಕಥೆ, ನಂಗೇನೂ ಗೊತ್ತಿರ್ನಿಲ್ಲ."

ಒಬ್ಬರಾದರೂ ನಂಬಬೇಕಲ್ಲ. ಹೆಣ್ಣಿನ ಕಡೆಯವರ ಮಾನ ಉಳಿಸಲು ರಾಚ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುತ್ತಿದ್ದಾನೆ ಎಂದು ನಂಜಪ್ಪನವರು ಅವನ ಬೆನ್ನು ತಟ್ಟಿದರು. ರಾಚನಿಗೆ ಗೊತ್ತಿಲ್ಲವಂತೆ, ಇವತ್ತು ಮಳೆ ಬರುತ್ತದೆ ಎಂದು ಚಿಕ್ಕಲಕ್ಷ್ಮಮ್ಮ ನಕ್ಕಳು. ಶಿವಮಲ್ಲಮ್ಮ ಹಿಂದಿನಿಂದ ಚಿವುಟಿ, ಇದು ತಮಾಷೆ ಮಾಡುವ ಹೊತ್ತಲ್ಲ ಎಂದಳು.

ಈ ಗದ್ದಲದಲ್ಲಿ ಕೊಯಮತ್ತೂರಿನ ದೊಡ್ಡ ಮದರ್ ಕೋಲೂರಿಕೊಂಡು ಹೊರಗೆ ಬಂದಿದ್ದರು. ಬಹಳ ವಯಸ್ಸಾದವರು, ಗುಬ್ಬಿಯಷ್ಟು ಮೈ. ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಬಗ್ಗಿ ಮಂಕರಿಯ ಬಟ್ಟೆ ಸರಿಸಿದರು, ಒಂದು ಪುಟ್ಟ ಬಾಸಿಂಗ ಕೈಗೆತ್ತಿಕೊಂಡರು, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಅಕ್ಕನ ಮದುವೆಯಲ್ಲಿ ಇಂಥದ್ದು ನೋಡಿದ್ದೆ, ಆಮೇಲೆ ಇವತ್ತೇ ಎಂದು ಆಯಮ್ಮ ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಬಾಸಿಂಗವನ್ನು ಮಗುವಿನ ತಲೆ ಸವರಿದ ಹಾಗೆ ಸವರಿ, ಸಿಸ್ಟರ್ ಅರುಳ್ ಮೇರಿಯ ಕೈಗೆ ಕೊಟ್ಟು, ಎಲ್ಲವನ್ನೂ ಮರಕ್ಕೆ ಕಟ್ಟಿ ಎಂದು ಅಪ್ಪಣೆ ಮಾಡಿದರು.

ಹಾಲಿನ ಬಾಗಿಲು ತೆರೆಯಿತು. ಮೂಲೆಯಲ್ಲಿ ಮರಳಿನ ಬಕೀಟಿನಲ್ಲಿ ಸರ್ವೆ ಮರ ನಿಂತಿತ್ತು. ಇವರು ಕೇಳಿದ ಹೆಣ್ಣು ಈ ಮರ ಎಂದು ತಿಳಿದಾಗ ಸಿಸ್ಟರುಗಳಿಗೆ ಹೋದ ಜೀವ ಬಂತು, ಅಗುಳಿಗಳು ಒಂದೊಂದಾಗಿ ತೆರೆದುಕೊಂಡವು. ತಿಗನಾರೆಯ ಹೆಂಗಸರೂ ಸಿಸ್ಟರುಗಳೂ ಒಟ್ಟಿಗೆ ನಿಂತು ಕೊಂಬೆ ಕೊಂಬೆಗೂ ಬಾಸಿಂಗ ಕಟ್ಟಿದರು. ಸೀರೆ ಸುತ್ತಿದರು. ಸ್ಟೂಲು ಹತ್ತಿ ತುದಿಗೆ ಮಹಾ ಬಾಸಿಂಗ ಕಟ್ಟಿದವನು ರಾಚಪ್ಪ. ಕಿಟಕಿಯ ಬಿಸಿಲು ಬೇಗಡೆಗೆ ತಾಗಿ ಹಾಲಿನ ಗೋಡೆಯೆಲ್ಲ ಮಿಂಚಿದಾಗ ಹಾಸ್ಟೆಲ್ ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿ ಕುಣಿದವು. ನಂಜಪ್ಪನವರು ಎಣ್ಣೆ ಡಬ್ಬವನ್ನು ಮರದ ಪಕ್ಕಕ್ಕೆ ಇಟ್ಟರು. ಗಂಡು ಬಿಸಿಲಲ್ಲಿ ನಡೆದು ಬಂದು ಸೊರಗಿತ್ತು. ಇದು ತಮಗೆ ತಂದ ಉಡುಗೊರೆ ಎಂದುಕೊಂಡ ಮದರ್, ಪಾಪ ಗಿಡ ಬಾಡಿದೆಯಲ್ಲ ಎಂದು ಒಂದು ಚೊಂಬು ನೀರು ತರಿಸಿ ನಿಧಾನವಾಗಿ ಅದರ ಬುಡಕ್ಕೆ ಹೊಯ್ದರು.

ಹೆಣ್ಣಿನ ಕಡೆಯ ಹಿರಿಯರು ಎಲ್ಲರೆದುರು ನೀರು ಹೊಯ್ದರೆ ಅದನ್ನು ಧಾರೆ ಎನ್ನದೆ ಇನ್ನೇನೆನ್ನುತ್ತಾರೆ? ಜವರ ಗಟ್ಟಿಮೇಳ ಊದಿದ. ಅಕ್ಷತೆ ಮಳೆಯಂತೆ ಬಿತ್ತು. ಅರ್ಧ ಮದರ್ ತಲೆಯ ಮೇಲೂ ಬಿತ್ತು. ಈ ಬೆಟ್ಟದ ಜನ ಕ್ರಿಸ್‌ಮಸ್ಸನ್ನು ಇಷ್ಟು ಭಕ್ತಿಯಿಂದ ಮಾಡುತ್ತಾರೆಂದು ತಮಗೆ ಗೊತ್ತೇ ಇರಲಿಲ್ಲ ಎಂದು ಆಯಮ್ಮ ಕಣ್ಣು ಒರೆಸಿಕೊಂಡರು. ಸಿಸ್ಟರುಗಳು ಹಾಡಿದರು, ಹೆಂಗಸರು ಸೋಬಾನೆ ಹೇಳಿದರು, ಎರಡೂ ಹೇಗೋ ಹೊಂದಿಕೊಂಡವು. ಕೇಕಿನ ತುಂಡನ್ನು ಮದುವೆ ಸಿಹಿ ಎಂದು ಹೆಂಗಸರು ಸೆರಗಿಗೆ ಕಟ್ಟಿಕೊಂಡರು. ಮರ ಕಾನ್ವೆಂಟಿನ ಕಾಂಪೌಂಡಿನಲ್ಲೇ ಬೆಳೆಸಿದ್ದು ಎಂದು ಖಾತರಿ ಮಾಡಿಕೊಂಡ ಚಿನ್ನಸಾಮಿ ಎರಡು ತುಂಡು ತಿಂದ. ತಿನ್ನುತ್ತಾ ರಾಚಪ್ಪನ ಹತ್ತಿರ ಬಂದು, ಈ ಹೆಣ್ಣಿಗೆ ಬೇರುಗಳೇ ಇಲ್ಲವಲ್ಲ, ಕಡಿದು ತಂದು ನಿಲ್ಲಿಸಿದ್ದಾರೆ, ಎಷ್ಟು ದಿನ ಬಾಳುತ್ತದೆ ಎಂದ. ರಾಚಪ್ಪನಿಗೆ ಆಗ ಅದೆಲ್ಲ ಕಿವಿಗೆ ಹೋಗಲಿಲ್ಲ. ಇನ್ನು ಮೇಲೆ ವರ್ಷ ವರ್ಷವೂ ನಮ್ಮ ಮರಕ್ಕೆ ನೀವೇ ಮಾಡಬೇಕು ಎಂದು ಮದರ್ ಆಗ ತಾನೇ ಅವನ ಕೈ ಹಿಡಿದು ಹೇಳಿ ಹೋಗಿದ್ದರು.

ಊರಿಗೆ ಮರಳುವಾಗ ಅವನ ಕಾಲು ನೆಲದ ಮೇಲಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸಿಸ್ಟರ್ ಅರುಳ್ ಮೇರಿ ಹೇಳಿಕಳಿಸಿದರು. ಮರ ಒಣಗಿ ಕಂದು ತಿರುಗಿತ್ತು, ಅಡುಗೆಮನೆಯ ಹಿಂದೆ ಒಗೆದಾಗಿತ್ತು. ಬಾಸಿಂಗಗಳನ್ನೆಲ್ಲ ಸಿಸ್ಟರ್ ಜೋಪಾನವಾಗಿ ಬಿಚ್ಚಿ, ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ, ಒಂದು ಟ್ರಂಕಿಗೆ ತುಂಬಿದ್ದರು. ಎಷ್ಟು ಗಟ್ಟಿ ಕೈಕೆಲಸ, ಇನ್ನು ಹತ್ತು ವರ್ಷ ಇದನ್ನೇ ಕಟ್ಟಬಹುದು, ವರ್ಷ ವರ್ಷ ನಿಮಗೆ ತೊಂದರೆ ಕೊಡುವುದಿಲ್ಲ ಎಂದು ದೊಡ್ಡ ಉಪಕಾರ ಮಾಡಿದವರಂತೆ ನಗುತ್ತಾ ಹೇಳಿದರು. ರಾಚಪ್ಪನೂ ನಕ್ಕ. ಗೇಟು ದಾಟಿದ ಮೇಲೆ ಅಳು ಬಂತು.

ಮನೆಗೆ ಬಂದರೆ, ಸಂಕ್ರಾಂತಿಯ ಗಡುವು ಮುಗಿಯಿತೆಂದು ದಯಾನಂದ ಗಾಡಿ ತಂದು ಕಾಯುತ್ತಿದ್ದ. ಕಾನ್ವೆಂಟಿನ ಕೆಲಸವೂ ಹೋಯಿತು ಎಂದು ರಾಚಪ್ಪ ಹೇಳಿದ್ದೇ ಶಿವಮಲ್ಲಮ್ಮ ಗಂಡನ ಬಟ್ಟೆಯನ್ನು ಚೀಲಕ್ಕೆ ತುಂಬಿದಳು, ದಿಂಬಂ ಚಳಿಗೆ ಇರಲಿ ಎಂದು ತನ್ನ ಕಂಬಳಿಯನ್ನೂ ಮಡಿಸತೊಡಗಿದಳು. ಅವಳ ಮುಖವೂ ಚೆನ್ನಾಗಿರಲಿಲ್ಲ. ಅಷ್ಟರಲ್ಲಿ ನಂಜಪ್ಪನವರು ಬಂದು ಜಗಲಿಯ ಮೇಲೆ ಕುಸಿದು ಕೂತರು. ಅವರು ಕಾನ್ವೆಂಟಿಗೆ ಹೋಗಿ ಗಂಡನ್ನು ನೋಡಿಕೊಂಡು ಬಂದಿದ್ದರು. ಸಿಸ್ಟರುಗಳು ಅಂಗಳದಲ್ಲಿ ನೆಟ್ಟ ಅಶ್ವತ್ಥ ಚಿಗುರಿದೆ, ಹುಡುಗ ಗುಂಡುಗುಂಡಗೆ ಇದ್ದಾನೆ. ಹೆಣ್ಣು ಮಾತ್ರ ತೀರಿಹೋಗಿದ್ದಾಳೆ. ಮದುವೆಯಾದಾಗಿನಿಂದ ಆನೆಗಳು ಊರ ಕಡೆ ತಲೆ ಹಾಕಿರಲಿಲ್ಲ. ಅವು ತಮ್ಮದೇ ಯಾವುದೋ ಕೆಲಸಕ್ಕೆ ಗಡಿಯಾಚೆ ಹೋಗಿದ್ದವು, ಅದು ಬೇರೆ ಮಾತು. ಎಳೆಯ ಹುಡುಗನನ್ನು ಒಂಟಿ ಬಿಟ್ಟರೆ ಆನೆ ಮತ್ತೆ ಬರದೆ ಇರುತ್ತವಾ ಎಂದು ನಂಜಪ್ಪನವರು ತಲೆಯ ಮೇಲೆ ಕೈ ಹೊತ್ತರು. ಇನ್ನೊಂದು ಸಂಬಂಧ ನೋಡಲೇಬೇಕು ಎಂದರು.

ಶಿವಮಲ್ಲಮ್ಮನ ಕೈ ಕಂಬಳಿಯ ಮೇಲೆ ನಿಂತಿತು. ಆ ಬಾಸಿಂಗ ಎಲ್ಲ ಏನಾಯಿತು ಎಂದು ಗಂಡನನ್ನು ಕೇಳಿದಳು. ಮುಂದಿನ ಸಲ ಕಟ್ಟಲು ಪೆಟ್ಟಿಗೆಯಲ್ಲಿಟ್ಟಿದ್ದಾರೆ ಎಂದ ಅವನು. ಅವಳು ಕಂಬಳಿಯನ್ನು ವಾಪಸ್ ಮಂಚದ ಮೇಲೆ ಹಾಕಿ, ಸೆರಗು ಸಿಕ್ಕಿಸಿಕೊಂಡು, ಯಾರಿಗೂ ಏನೂ ಹೇಳದೆ ಕಾನ್ವೆಂಟಿನ ದಾರಿ ಹಿಡಿದಳು. ರಾಚಪ್ಪ, ನಂಜಪ್ಪನವರು, ಗಾಡಿ ತಳ್ಳಿಕೊಂಡು ದಯಾನಂದ, ಮೂವರೂ ಹಿಂದೆ ಓಡಿದರು.

ಅವಳು ಸಿಸ್ಟರ್ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು.

"ತಾಯಿ, ಅದು ಒಬ್ಳ ಅಣೆಗೆ ಅಂತ ಕಟ್ಟಿದ್ದು. ಇನ್ನೊಬ್ಳಿಗೆ ಕಟ್ಕೂಡ್ದು, ನೀರ್ಗೆ ಬುಡ್ಬೇಕು. ನಮ್ಮೋರು ವರ್ಸಾ ವರ್ಸಾ ಒಸಾದು ಮಾಡ್ಕೊಡ್ತರೆ. ಅವ್ರ್ಗೆ ಅದೊಂದ್ ಬುಟ್ರೆ ಬ್ಯಾರೆ ಏನೂ ಬರಾಕಿಲ್ಲ. ಅದ್ನ ಅವ್ರಂಗೆ ಮಾಡಾಕೆ ಇನ್ಯಾರ್ಗೂ ಬರಾಕಿಲ್ಲ."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ತನ್ನ ಬಗ್ಗೆ ಇಂಥ ಮಾತು ರಾಚಪ್ಪ ಕೇಳಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ನಿಂತ. ಸಿಸ್ಟರ್‌ಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಎದುರಿಗೆ ನಿಂತ ಹೆಂಗಸಿನ ಕಣ್ಣು ನೋಡಿ ಟ್ರಂಕನ್ನು ಅವಳ ಕೈಗೇ ಕೊಟ್ಟು, ಪ್ರತಿ ವರ್ಷ ಹೊಸದೇ ಆಗಲಿ ಎಂದರು. ಶಿವಮಲ್ಲಮ್ಮ ಟ್ರಂಕನ್ನು ತಮ್ಮನ ಗಾಡಿಯ ಮೇಲೆ ಹೇರಿ, ಗ್ಲಾಸು ತೊಳೆಯಲು ಬೇರೆ ಯಾರನ್ನಾದರೂ ನೋಡಿಕೋ ಎಂದು ಅವನಿಗೆ ಹೇಳಿಬಿಟ್ಟಳು.

ನಂಜಪ್ಪನವರು ಮಾತ್ರ ಇನ್ನೂ ಚಿಂತೆಯಲ್ಲೇ ಇದ್ದರು. ರಾಚಪ್ಪನನ್ನು ಪಕ್ಕಕ್ಕೆ ಕರೆದು, ಸಿಸ್ಟರ್‌ಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

"ಲೋ ರಾಚ, ತೀರ್ಕೊಂಡ ಎಣ್ಗೆ ತಂಗಿ ಗಿಂಗಿ ಅವ್ಳಾ ಕೇಳ್ಲಾ."

ರಾಚಪ್ಪ ಕಾಂಪೌಂಡಿನ ಉದ್ದಕ್ಕೂ ಕಣ್ಣು ಹಾಯಿಸಿದ. ಬೇಲಿಯ ಹತ್ತಿರ ಎದೆಯೆತ್ತರದ ಸರ್ವೆ ಗಿಡವೊಂದು ಗಾಳಿಗೆ ತಲೆಯಾಡಿಸುತ್ತಿತ್ತು.

"ಕೇಳೋದೇನು ನಂಜಪ್ಪಣ್ಣ, ಅವ್ಳೆ" ಎಂದ. "ಬರೋ ಡಿಸೆಂಬರ್ಗೆ ಮದ್ವೆ ವಯಸ್ಗೆ ಬತ್ತಾಳೆ."